ಎರಡು ಮಳೆಗಾಲ ಕಂಡ ಆರು ಕಾಲಿನ ರೋಬೋಟ್: ಕಿಟ್ ಹೇಗಿದೆ?

ಆರು ಕಾಲಿನಲ್ಲಿ ನಡೆಯುವ ರೋಬೋಟ್ ಕಿಟ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿ ಎರಡು ವರ್ಷದ ಮೇಲಾಯಿತು. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಇಲ್ಲಿನ ಎರಡು ಮಳೆಗಾಲ ದಾಟಿದ ಮೇಲೆ ಯಾವ ಭಾಗ ಉಳಿಯಿತು, ಯಾವುದು ಹೋಯಿತು ಅಂತ ಈಗ ಹೇಳಬಹುದು. ಅದಕ್ಕೇ ಇಷ್ಟು ದಿನ ಕಾದು ಬರೆಯುತ್ತಿದ್ದೇನೆ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕಾಲುಗಳು ಚೆನ್ನಾಗಿವೆ. ಕರೆಂಟ್ ಕೊಡುವ ಭಾಗ ಸಾಲದು. ಜೊತೆಗೆ ಬಂದ ಪ್ರೋಗ್ರಾಂನಿಂದ ಏನೂ ಕಲಿಯಲಿಕ್ಕಾಗುವುದಿಲ್ಲ. ನಡಿಗೆಯನ್ನು ನೀವೇ ಬರೆಯುವ ಮನಸ್ಸಿದ್ದರೆ ಖಂಡಿತ ತಗೊಳ್ಳಿ. ಬಿಚ್ಚಿದ ದಿನವೇ ಓಡಾಡಬೇಕು ಅನ್ನುವವರಿಗೆ ಇದು ಬೇಡ.

ಡಬ್ಬಿಯಲ್ಲಿ ಬಂದಿದ್ದು ಅಲ್ಯೂಮಿನಿಯಂ ತಗಡಿನ ಭಾಗಗಳು, ಎಂಜಿ 996 ಆರ್ ಅನ್ನುವ ಮಾದರಿಯ 18 ಸರ್ವೊ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರ್), ಸರ್ವೊಗಳಿಗೆ ಆಜ್ಞೆ ಕಳಿಸುವ ಪಿಸಿಎ 9685 ಬೋರ್ಡ್ ಎರಡು, ಪ್ರೋಗ್ರಾಂ ಓಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡ್ ಇಎಸ್‌ಪಿ 32 ಒಂದು, ಮತ್ತು ವೋಲ್ಟೇಜನ್ನು ಹದದಲ್ಲಿಡುವ 5 ಆಂಪಿಯರ್‌ನ ಒಂದು ರೆಗ್ಯುಲೇಟರ್. ಬೆಲೆ 11,000 ರೂಪಾಯಿ ಚಿಲ್ಲರೆ. ಬ್ಯಾಟರಿ ಇರಲಿಲ್ಲ. ಬ್ಯಾಟರಿ, ಚಾರ್ಜರ್, ಬೇರೆ ರೆಗ್ಯುಲೇಟರ್ ಅಂತ ಆಮೇಲೆ ಇನ್ನೂ 6,000 ಹೋಯಿತು. ಕೊಳ್ಳುವ ಮುಂಚೆ ಈ ಎರಡನ್ನೂ ಕೂಡಿಸಿ ಲೆಕ್ಕ ಹಾಕಿ.

ಒಂದೊಂದು ಕಾಲಿಗೆ ಮೂರು ಸರ್ವೊ. ಒಂದು ಸೊಂಟದ ಹತ್ತಿರ ಕಾಲನ್ನು ಹಿಂದೆ ಮುಂದೆ ತಿರುಗಿಸುತ್ತದೆ, ಇನ್ನೊಂದು ತೊಡೆ ಎತ್ತುತ್ತದೆ, ಮತ್ತೊಂದು ಮೊಣಕಾಲು ಮಡಿಸುತ್ತದೆ. ಜೋಡಿಸುವ ಮುಂಚೆ ಪ್ರತಿ ಸರ್ವೊಗೂ 1500 ಮೈಕ್ರೊಸೆಕೆಂಡಿನ ಸಿಗ್ನಲ್ ಕೊಟ್ಟು ನಡುವಿಗೆ ತಂದುಕೊಳ್ಳಬೇಕು. ಕಿಟ್ ಜೊತೆಗಿನ ಹಾಳೆಯಲ್ಲಿ ಇದನ್ನು ಬರೆದೇ ಇಲ್ಲ. ನಾನು ನಡುವಿಗೆ ತರದೆ ಹಾಗೇ ಜೋಡಿಸಿ, ಆಮೇಲೆ ಆರೂ ಕಾಲು ಬಿಚ್ಚಿದೆ. ಇನ್ನೊಂದು ವಿಷಯ. ಸರ್ವೊ ತಲೆಯಲ್ಲಿ 25 ಹಲ್ಲು ಇರುತ್ತವೆ. ಅಂದರೆ ಒಂದು ಹಲ್ಲು ಸರಿಸಿದರೆ 14.4 ಡಿಗ್ರಿ. ಎಷ್ಟೇ ಜೋಪಾನವಾಗಿ ಕೂರಿಸಿದರೂ ನಾಲ್ಕೈದು ಡಿಗ್ರಿ ವ್ಯತ್ಯಾಸ ಉಳಿಯುತ್ತದೆ. ಅದನ್ನು ಪ್ರೋಗ್ರಾಂನಲ್ಲೇ ಸರಿ ಮಾಡಬೇಕು. ಹದಿನೆಂಟು ಸರ್ವೊಗೂ ಹದಿನೆಂಟು ತಿದ್ದುಪಡಿ ಸಂಖ್ಯೆ ಬರೆದಿಟ್ಟುಕೊಂಡಿದ್ದೇನೆ. ಈ ಕೆಲಸಕ್ಕೆ ಒಂದು ಭಾನುವಾರ ಪೂರ್ತಿ ಬೇಕಾಯಿತು. ಅವತ್ತು ಅರ್ಜೆಂಟ್ ಮಾಡದೇ ಇದ್ದದ್ದು ಒಳ್ಳೆಯದಾಯಿತು.

ಇಎಸ್‌ಪಿ 32 ಪ್ರತಿ ಸರ್ವೊ ಬೋರ್ಡನ್ನೂ ಒಂದು ವಿಳಾಸದಿಂದ (ಒಂದು ಸಂಖ್ಯೆ) ಗುರುತಿಸುತ್ತದೆ. ಎರಡು ಬೋರ್ಡ್‌ಗಳಿಗೂ ಹುಟ್ಟಿನಿಂದ ಒಂದೇ ವಿಳಾಸ. ಎ0 ಅಂತ ಬರೆದ ಜಾಗದಲ್ಲಿ ಒಂದು ಹನಿ ಬೆಸುಗೆ ಹಾಕಿದರೆ ಎರಡನೆಯದರ ವಿಳಾಸ ಬೇರೆಯಾಗುತ್ತದೆ. ಬೆಸುಗೆ ಹಾಕುವ ತನಕ ಎಡಗಾಲಿಗೆ ಹೇಳಿದ್ದನ್ನೇ ಬಲಗಾಲೂ ಮಾಡುತ್ತಿತ್ತು.

ಈಗ ಕರೆಂಟಿನ ವಿಷಯ. ನನ್ನ ಮೊದಲ ಆರು ತಿಂಗಳು ಕಳೆದದ್ದು ಇದರಲ್ಲೇ. ಸ್ವಿಚ್ ಹಾಕಿದರೆ ರೋಬೋಟ್ ಏಳಲು ಶುರು ಮಾಡುತ್ತಿತ್ತು, ಅರ್ಧ ಎದ್ದು ಕುಸಿಯುತ್ತಿತ್ತು, ಮತ್ತೆ ಏಳುತ್ತಿತ್ತು. ನಾನು ಪ್ರೋಗ್ರಾಂನಲ್ಲಿ ತಪ್ಪು ಹುಡುಕುತ್ತಾ ವಾರಗಟ್ಟಲೆ ಕೂತೆ. ತಪ್ಪು ಅಲ್ಲಿರಲಿಲ್ಲ. ಇಂಥ ಒಂದು ಸರ್ವೊ ಭಾರಕ್ಕೆ ಸಿಕ್ಕಿ ನಿಂತುಬಿಟ್ಟರೆ 2.5 ಆಂಪಿಯರ್ ಎಳೆಯುತ್ತದೆ. ಹದಿನೆಂಟೂ ಒಟ್ಟಿಗೆ ಎಳೆದರೆ 45. ಹಾಗೆ ಎಲ್ಲವೂ ಒಟ್ಟಿಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ, ನಿಜ. ಆದರೂ 5 ಆಂಪಿಯರ್ ಎಲ್ಲಿಗೆ ಸಾಕು? ಏಳುವ ಹೊತ್ತಿಗೆ ವೋಲ್ಟೇಜ್ ಕುಸಿದು ಇಎಸ್‌ಪಿ 32 ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಈಗ ಎಡಗಡೆಯ ಮೂರು ಕಾಲಿಗೆ ಒಂದು, ಬಲಗಡೆಯ ಮೂರಕ್ಕೆ ಒಂದು, ಹೀಗೆ 10 ಆಂಪಿಯರ್‌ನ ಎರಡು ರೆಗ್ಯುಲೇಟರ್ ಹಾಕಿದ್ದೇನೆ. ಎರಡನ್ನೂ 6 ವೋಲ್ಟ್‌ಗೆ ಇಟ್ಟಿದ್ದೇನೆ. ಇಎಸ್‌ಪಿ 32ಗೆ ಬೇರೆಯೇ ಚಿಕ್ಕ ರೆಗ್ಯುಲೇಟರ್. ಎಲ್ಲದರ ಗ್ರೌಂಡ್ (ನೆಗೆಟಿವ್ ವೈರ್) ಮಾತ್ರ ಒಂದೇ ಕಡೆ ಸೇರಲೇಬೇಕು, ಇಲ್ಲದಿದ್ದರೆ ಸಿಗ್ನಲ್ ತಲೆ ಬುಡ ಇಲ್ಲದ ಹಾಗಾಗುತ್ತದೆ. ಸರ್ವೊ ಬೋರ್ಡ್‌ನ ಸ್ಕ್ರೂ ಟರ್ಮಿನಲ್ ಬಿಸಿಯಾಗುತ್ತಿದ್ದರಿಂದ ಬೋರ್ಡ್ ಹಿಂದೆ ದಪ್ಪ ವೈರ್ ಬೆಸೆದೆ. ಆರೂ ಕಾಲಿಗೆ ಒಟ್ಟಿಗೆ ಜೀವ ಕೊಡದೆ ಒಂದೊಂದಾಗಿ ಎಬ್ಬಿಸುವ ಹಾಗೆ ಪ್ರೋಗ್ರಾಂ ಬದಲಿಸಿದೆ. ಅವತ್ತಿನಿಂದ ಇವತ್ತಿನವರೆಗೆ ಒಂದು ಸಲವೂ ಹಾಗೆ ಕುಸಿದಿಲ್ಲ.

ಎದ್ದು ನಿಂತ ಮೇಲೆ ಸರ್ವೊ ಬಿಸಿಯಾಗಲು ಶುರುವಾಯಿತು. ಹತ್ತು ನಿಮಿಷಕ್ಕೆ ಕೈ ಇಡಲಿಕ್ಕಾಗದಷ್ಟು ಬಿಸಿ. ನಮ್ಮ ರೋಬೋಟ್ ಬ್ಯಾಟರಿ ಸೇರಿ 2.2 ಕೆಜಿ ತೂಗುತ್ತದೆ. ಅದರಲ್ಲಿ ಸರ್ವೊಗಳೇ ಹತ್ತಿರ ಹತ್ತಿರ ಒಂದು ಕೆಜಿ. ನಡೆಯುವಾಗ ನೆಲದ ಮೇಲೆ ಮೂರೇ ಕಾಲು. ಅಂದರೆ ಸರಾಸರಿ ಒಂದು ಕಾಲಿಗೆ ಸುಮಾರು 730 ಗ್ರಾಂ. ಪಾದ ತೊಡೆಯ ಕೀಲಿನಿಂದ 13 ಸೆಂಟಿಮೀಟರ್ ದೂರ ಇದ್ದರೆ ಆ ಕೀಲಿನ ಮೇಲೆ ಒಂಬತ್ತೂವರೆ ಕೆಜಿ-ಸೆಂಟಿಮೀಟರ್ (ತೂಕವನ್ನು ದೂರದಿಂದ ಗುಣಿಸಿದ್ದು) ಒತ್ತಡ. ಈ ಸರ್ವೊದ ಪೂರ್ತಿ ಶಕ್ತಿಯೇ 6 ವೋಲ್ಟ್‌ನಲ್ಲಿ 11. ಪಾದವನ್ನು 8 ಸೆಂಟಿಮೀಟರಿಗೆ ಒಳಗೆ ತಂದೆವು. ಒತ್ತಡ ಆರರ ಕೆಳಗೆ ಬಂತು, ಬಿಸಿ ಹೋಯಿತು. ಒಂದು ರೂಪಾಯಿ ಖರ್ಚಿಲ್ಲ. ತುಂಬಿದ ಕೊಡವನ್ನು ಕೈ ಚಾಚಿ ಹಿಡಿಯುವುದಕ್ಕಿಂತ ಸೊಂಟದ ಮೇಲೆ ಹೊರುವುದು ಸುಲಭ ಅಲ್ವಾ, ಅದೇ ಲೆಕ್ಕ.

ನಡಿಗೆ ಬರೆಯುವ ಕೆಲಸಕ್ಕೆ ಪಿಯುಸಿ ಓದುವ ಅಣ್ಣನ ಮಗಳು ಜೊತೆಯಾದಳು. ಪಾದ ಎಲ್ಲಿರಬೇಕು ಅಂತ ನಾವು ಹೇಳಿದರೆ ಕೀಲುಗಳು ಎಷ್ಟು ತಿರುಗಬೇಕು ಅಂತ ಪ್ರೋಗ್ರಾಂ ಕಂಡುಹಿಡಿಯಬೇಕು. ನಾನು ಆ ಸೂತ್ರವನ್ನು ಎಲ್ಲಿಂದಲೋ ತಂದು ಹಾಕಿಕೊಂಡಿದ್ದೆ, ಅರ್ಥವಾಗಿರಲಿಲ್ಲ. ಅವಳು ಕಾಲಿನ ಚಿತ್ರವನ್ನು ಪಕ್ಕದಿಂದ ನೋಡಿದ ಹಾಗೆ ಬರೆದಳು. ತೊಡೆ 8 ಸೆಂಟಿಮೀಟರ್, ಮೊಣಕಾಲಿನ ಕೆಳಗೆ 12. ಪಾದ 8 ಹೊರಗೆ, 9 ಕೆಳಗೆ.

“ಚಿಕ್ಕಪ್ಪ, ಎಂಟರ ವರ್ಗ, ಒಂಬತ್ತರ ವರ್ಗ ಕೂಡಿದರೆ 145. ಅದರ ವರ್ಗಮೂಲ ಸುಮಾರು 12. ಈಗ ತ್ರಿಕೋನದ ಮೂರು ಬದಿಯೂ ಗೊತ್ತಾಯ್ತಲ್ಲ, ಕೊಸೈನ್ ನಿಯಮ ಹಾಕಿದ್ರೆ ಮೊಣಕಾಲಿನ ಕೋನ ಸಿಗುತ್ತೆ.”

ಸಿಕ್ಕಿತು. 71 ಡಿಗ್ರಿ. ಕೋನಮಾಪಕ ಹಿಡಿದು ಅಳೆದೆವು. ಕಾಲು ಹೇಳಿದಲ್ಲಿಗೇ ಹೋಗಿ ನಿಂತಿತ್ತು. ಈ ಕಿಟ್‌ನಿಂದ ಸಿಕ್ಕ ಖುಷಿಯಲ್ಲಿ ಇದೇ ದೊಡ್ಡದು. ಜೊತೆಗೆ ಬಂದ ಪ್ರೋಗ್ರಾಂನಲ್ಲಿ ಕೋನಗಳನ್ನು ಸುಮ್ನೆ ಪಟ್ಟಿ ಮಾಡಿ ತುಂಬಿದ್ದಾರೆ. ಎತ್ತರ ಬದಲಿಸಬೇಕು ಅಂದರೂ ಆಗುವುದಿಲ್ಲ.

ಯಾವ ಕಾಲು ಯಾವಾಗ ಎತ್ತಬೇಕು ಅನ್ನುವುದನ್ನು ಹಿತ್ತಲಿನ ಮಾವಿನ ಮರದ ಚಗಳಿ ಇರುವೆಯಿಂದ ನೋಡಿಕೊಂಡೆವು. ಮೊಬೈಲ್‌ನಲ್ಲಿ ನಿಧಾನ ಚಲನೆಯ ವಿಡಿಯೊ ತೆಗೆದಳು. ಒಂದು ಪಕ್ಕದ ಮುಂದಿನ, ಹಿಂದಿನ ಕಾಲು, ಇನ್ನೊಂದು ಪಕ್ಕದ ನಡುವಿನ ಕಾಲು ಒಟ್ಟಿಗೆ ಏಳುತ್ತವೆ. ಉಳಿದ ಮೂರು ನೆಲದಲ್ಲಿ. ಮೂರು ಕಲ್ಲಿನ ಒಲೆ ಮೇಲೆ ಪಾತ್ರೆ ಅಲ್ಲಾಡದೆ ಕೂರುವ ಹಾಗೆ, ಮೈಭಾರ ನೆಲದ ಮೇಲಿನ ಆ ಮೂರು ಪಾದಗಳ ತ್ರಿಕೋನದ ಒಳಗೇ ಇದ್ದರೆ ಬೀಳುವ ಮಾತಿಲ್ಲ. ನಾವೂ ಅದನ್ನೇ ಬರೆದೆವು. ಪಾದ 3 ಸೆಂಟಿಮೀಟರ್ ಏಳುತ್ತದೆ, 5 ಸೆಂಟಿಮೀಟರ್ ಮುಂದೆ ಹೋಗುತ್ತದೆ. ಒಂದೊಂದೇ ಕಾಲು ಎತ್ತುವ ನಡಿಗೆಯನ್ನೂ ಬರೆದಿದ್ದೇವೆ. ಅದು ಬಲು ನಿಧಾನ, ಆದರೆ ಅಂಗಳದ ಉಬ್ಬು ತಗ್ಗಿನಲ್ಲಿ ಅದೇ ಗಟ್ಟಿ. ಜಗುಲಿಯ ಕಾವಿ ನೆಲದಲ್ಲಿ ಮೊದಲು ಜಾರುತ್ತಿತ್ತು. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಪಾದಕ್ಕೆ ಕಟ್ಟಿದ ಮೇಲೆ ನೆಟ್ಟಗೆ ನಡೆಯುತ್ತಿದೆ.

ಇನ್ನು ಮಳೆಗಾಲ. ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಮೊದಲ ವರ್ಷ ರೋಬೋಟ್ ಕಪಾಟಿನಲ್ಲಿತ್ತು. ಆಗಸ್ಟ್‌ನಲ್ಲಿ ತೆಗೆದರೆ ಸ್ಕ್ರೂಗಳೆಲ್ಲ ತುಕ್ಕು, ಕನೆಕ್ಟರ್ ಮೇಲೆ ಹಸಿರು. ಎರಡು ಸರ್ವೊ ನಿಂತಲ್ಲೇ ನಡುಗುತ್ತಿದ್ದವು. ಎರಡನೆಯ ವರ್ಷ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿದೆ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ತಗಡಿನ ಟ್ರಂಕ್‌ನಲ್ಲಿಟ್ಟು, ಒಲೆಮನೆ ಅಟ್ಟದಲ್ಲಿ ಅಮ್ಮ ಬಿತ್ತನೆ ಬೀಜ ಇಡುವ ಕಡೆ ಇಟ್ಟೆ. ಅಲ್ಲಿಗೆ ಥಂಡಿ ತಾಗುವುದಿಲ್ಲ. ಏನೂ ಆಗಲಿಲ್ಲ. ಆದರೆ ಬ್ಯಾಟರಿಯನ್ನು ಮಾತ್ರ ಅಟ್ಟಕ್ಕೆ ಹಾಕಬೇಡಿ. ಲಿಥಿಯಂ ಪಾಲಿಮರ್ ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ. ಅದನ್ನು ಬಿಚ್ಚಿ, ಒಂದು ಸೆಲ್‌ಗೆ 3.8 ವೋಲ್ಟ್ ಇರುವ ಹಾಗೆ ಮಾಡಿ, ತಣ್ಣಗಿನ ಕೋಣೆಯಲ್ಲಿ ಮಣ್ಣಿನ ಮಡಕೆಯಲ್ಲಿಡುತ್ತೇನೆ. ಗುಡುಗು ಶುರುವಾದರೆ ಚಾರ್ಜರ್ ಕಿತ್ತಿಡುತ್ತೇನೆ. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 25 ನಿಮಿಷ ನಡೆಯುತ್ತದೆ.

ಎರಡು ವರ್ಷದಲ್ಲಿ 18ರಲ್ಲಿ ಐದು ಸರ್ವೊ ಬದಲಿಸಿದೆ. ಐದರಲ್ಲಿ ನಾಲ್ಕು ತೊಡೆಯ ಕೀಲಿನವು, ಜಾಸ್ತಿ ಭಾರ ಹೊರುವುದು ಅವೇ. ಮೊದಲೇ ಎರಡು ಹೆಚ್ಚಿಗೆ ತರಿಸಿಟ್ಟುಕೊಳ್ಳಿ. ಅಲ್ಯೂಮಿನಿಯಂ ಭಾಗ ಒಂದೂ ಬಾಗಿಲ್ಲ. ಮಾರಿದವರಿಗೆ ರೆಗ್ಯುಲೇಟರ್ ಬಗ್ಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಡಿಮೆ ಮಾಡಿದ ಒಂದೂವರೆ ಅಂಕ ಪೂರ್ತಿ ಕರೆಂಟಿನದ್ದು ಮತ್ತು ಹಾಳೆಯದ್ದು.

ತೋಟದ ದಾರಿಯಲ್ಲಿ ಇನ್ನೂ ನಡೆಯುವುದಿಲ್ಲ. ಸೋಗೆ ಮೇಲೆ ಕಾಲಿಟ್ಟರೆ ನೆಲ ಸಿಕ್ಕಿತೋ ಇಲ್ಲವೋ ಅದಕ್ಕೆ ತಿಳಿಯುವುದಿಲ್ಲ. ಪಾದದೊಳಗೆ ಪುಟ್ಟ ಸ್ವಿಚ್ ಕೂರಿಸುತ್ತಿದ್ದೇವೆ. ನೆಲ ತಾಗಿದ ಕೂಡಲೇ ಕಾಲು ಇಳಿಯುವುದು ನಿಲ್ಲಬೇಕು. ಎರಡು ಕಾಲಿಗೆ ಆಗಿದೆ. ಉಳಿದ ನಾಲ್ಕು ಅವಳ ಪರೀಕ್ಷೆ ಮುಗಿದ ಮೇಲೆ.