ನಿಂತು ನುಡಿಸಿ ನೋಡದೆ ಈ ಬೇಸ್ ಗಿಟಾರ್‌ಗಳಿಗೆ ಮುಂಗಡ ಕೊಡಬೇಡಿ

ಸೆಕೆಂಡ್‌ಹ್ಯಾಂಡ್ ಜಾಹೀರಾತುಗಳಲ್ಲಿ ಕೆಲವೇ ಕೆಲವು ಬೇಸ್ ಗಿಟಾರ್‌ಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ‘ಮನೆಯಲ್ಲಷ್ಟೇ ನುಡಿಸಿದ್ದು, ಒಂದು ಗೀರೂ ಇಲ್ಲ’ ಎಂಬ ಒಕ್ಕಣೆ ಬೇರೆ. ಆ ಮಾತು ಬಹುಪಾಲು ನಿಜವೇ ಆಗಿರುತ್ತದೆ. ಅನುಮಾನ ಬರಬೇಕಾದದ್ದೂ ಅಲ್ಲಿಯೇ: ಇಷ್ಟು ಚೆಂದದ ವಾದ್ಯವನ್ನು ಯಾರೂ ಯಾಕೆ ನುಡಿಸಲಿಲ್ಲ? ಕೆಟ್ಟ ಭಾಗವಿದ್ದರೆ ಬದಲಿಸಬಹುದು. ಇವುಗಳಲ್ಲಿ ಅನೇಕವು ಕೆಟ್ಟೇ ಇಲ್ಲ, ಅವುಗಳ ಹುಟ್ಟುಗುಣವೇ ಹಾಗೆ.

ಥಂಡರ್‌ಬರ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. ಗಿಬ್ಸನ್ ಕಂಪನಿ ಇದನ್ನು 1963ರಲ್ಲಿ ಹೊರತಂದಿತು. ಆಕಾರ ಕೊಟ್ಟವರು ರೇ ಡೀಟ್ರಿಕ್, ಕಾರುಗಳ ವಿನ್ಯಾಸ ಮಾಡುತ್ತಿದ್ದವರು. ಗೋಡೆಗೆ ನೇತುಹಾಕಿದರೂ ಕಣ್ಣು ಕೀಳಲಾಗದಂಥ ಚೆಲುವು. ಎಪಿಫೋನ್ ಹೆಸರಿನಲ್ಲಿ ಇದೇ ಆಕಾರ ಕಡಿಮೆ ಬೆಲೆಗೆ ಸಿಗುವುದರಿಂದ ಮೊದಲ ಬೇಸ್ ಕೊಳ್ಳುವವರೂ ಇದಕ್ಕೆ ಮನಸೋಲುತ್ತಾರೆ. ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ನುಡಿಸಿದಾಗ ಭಾರವನ್ನು ತೊಡೆ ಹೊರುತ್ತದೆ, ಏನೂ ಗೊತ್ತಾಗುವುದಿಲ್ಲ. ಮನೆಗೆ ತಂದು ಸ್ಟ್ರಾಪ್ ಹಾಕಿ ನಿಂತು ಎಡಗೈ ಬಿಟ್ಟರೆ ಗಿಟಾರಿನ ಕುತ್ತಿಗೆಯ (ನೆಕ್) ತುದಿಯ ತಲೆ, ಅಂದರೆ ಹೆಡ್‌ಸ್ಟಾಕ್, ನೆಲದ ಕಡೆ ಜಾರುತ್ತದೆ. ನೆಕ್ ಡೈವ್ ಅನ್ನುವುದು ಇದಕ್ಕೇ. ಸ್ವರ ಹಿಡಿಯಬೇಕಾದ ಕೈ ವಾದ್ಯವನ್ನೇ ಎತ್ತಿಹಿಡಿದು ನಿಲ್ಲಬೇಕು. ಒಂದು ತಾಸಿನ ಪ್ರಾಕ್ಟೀಸ್ ಮುಗಿಯುವಷ್ಟರಲ್ಲಿ ಹೆಬ್ಬೆರಳ ಬುಡ, ಮಣಿಕಟ್ಟು, ಎಡಭುಜ ಮೂರೂ ನೋಯುತ್ತವೆ. ಕೊಂಡವರು ತಮಗೇ ಅಭ್ಯಾಸ ಸಾಲದು ಎಂದು ಕೆಲವು ತಿಂಗಳು ಒದ್ದಾಡಿ, ಕೊನೆಗೆ ‘ಮನೆಯಲ್ಲಷ್ಟೇ ನುಡಿಸಿದ್ದು’ ಎಂದು ಬರೆದು ಮಾರುತ್ತಾರೆ.

ಕಾರಣ ಬಾವಿಯ ಏತದ್ದೇ ಲೆಕ್ಕ. ಸ್ಟ್ರಾಪ್ ಸಿಕ್ಕಿಸುವ ಗುಂಡಿ, ಅಂದರೆ ಸ್ಟ್ರಾಪ್ ಬಟನ್, ಇರುವ ಜಾಗವೇ ಆಧಾರ. ಫೆಂಡರ್ ಪ್ರಿಸಿಷನ್ ಬೇಸ್‌ನಲ್ಲಿ ಬಾಡಿಯ ಮೇಲಿನ ಕೊಂಬು ಹೆಚ್ಚುಕಡಿಮೆ ನೆಕ್ಕಿನ ಮೇಲಿನ 12ನೇ ಅಡ್ಡಪಟ್ಟಿ, ಅಂದರೆ 12ನೇ ಫ್ರೆಟ್‌ವರೆಗೂ ಚಾಚಿರುತ್ತದೆ, ಬಟನ್ ಅದರ ತುದಿಯಲ್ಲಿರುತ್ತದೆ. ಥಂಡರ್‌ಬರ್ಡ್‌ನಲ್ಲಿ ಅಂಥ ಉದ್ದ ಕೊಂಬಿಲ್ಲ. ಹಲವು ಮಾದರಿಗಳಲ್ಲಿ ಬಟನ್ ಬಾಡಿಯ ಹಿಂಬದಿಯಲ್ಲಿ, ನೆಕ್ ಸೇರುವ ಕಡೆ ಇದೆ. ತಂತಿಯ ಉದ್ದ ಎರಡರಲ್ಲೂ 34 ಇಂಚೇ. ಅಂದಮೇಲೆ ಆಧಾರದಿಂದಾಚೆ ಚಾಚಿದ ಮರ ಇಲ್ಲಿ ಬಹಳ ಹೆಚ್ಚು, ಅದರ ತುದಿಯಲ್ಲಿ ತಂತಿ ಬಿಗಿಯುವ ನಾಲ್ಕು ದಪ್ಪ ಟ್ಯೂನರ್‌ಗಳು.

ಒರಟು ಒಳಮೈಯ, ಅಂಗೈ ಅಗಲದ ಚರ್ಮದ ಸ್ಟ್ರಾಪ್ ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ಅದು ಜಾರುವುದನ್ನು ತಡೆಯುತ್ತದೆ ನಿಜ, ಆದರೆ ಎಳೆತ ಪೂರ್ತಿ ಭುಜಕ್ಕೆ ಬೀಳುತ್ತದೆ. ನಿಜವಾಗಿ ಕೆಲಸ ಮಾಡುವುದು ಹಗುರ ಟ್ಯೂನರ್. ನಾಲ್ಕನ್ನೂ ಬದಲಿಸಿ 150 ಗ್ರಾಂ ಇಳಿಸಿದಿರಿ ಎನ್ನೋಣ. ಅವು ಬಟನ್‌ನಿಂದ ಸುಮಾರು 65 ಸೆಂ.ಮೀ. ದೂರದಲ್ಲಿರುವುದರಿಂದ, ಬಾಡಿಯ ಕಡೆ 30 ಸೆಂ.ಮೀ. ದೂರದಲ್ಲಿ 325 ಗ್ರಾಂ ಸೀಸ ಕಟ್ಟಿದಷ್ಟೇ ಪರಿಣಾಮ, ಭಾರ ಮಾತ್ರ ಹೆಚ್ಚುವುದಿಲ್ಲ. ಕೊಳ್ಳುವ ಮುಂಚೆ ಹೆಡ್‌ಸ್ಟಾಕಿನ ತೂತಿನ ಅಳತೆ ತೆಗೆಯಿರಿ, ಎಲ್ಲ ಟ್ಯೂನರ್ ಎಲ್ಲ ತೂತಿಗೂ ಕೂರುವುದಿಲ್ಲ. ಬಟನ್ ಅನ್ನೇ ಮೇಲಿನ ಕೊಂಬಿಗೆ ಸಾಗಿಸುವುದು ಇನ್ನೊಂದು ದಾರಿ. ಸ್ಕ್ರೂವಿಗಿಂತ ಸಣ್ಣ ತೂತು, ಸಾಮಾನ್ಯವಾಗಿ 3 ಮಿ.ಮೀ. ಆಸುಪಾಸು, ಮೊದಲೇ ಕೊರೆದು, ಸ್ಕ್ರೂವಿಗೆ ಮೇಣ ಸವರಿ ಕೂರಿಸಬೇಕು. ಹಳೆಯ, ಬೆಲೆಬಾಳುವ ವಾದ್ಯಕ್ಕೆ ಡ್ರಿಲ್ ಹಿಡಿಯಬೇಡಿ, ಒಂದು ತೂತಿಗೇ ಬೆಲೆ ಇಳಿಯುತ್ತದೆ.

ಥಂಡರ್‌ಬರ್ಡ್‌ನ ಇನ್ನೊಂದು ಅಪಾಯ ಜಾಹೀರಾತಿನ ಚಿತ್ರದಲ್ಲಿ ಕಾಣುವುದೇ ಇಲ್ಲ. ಹೆಡ್‌ಸ್ಟಾಕ್ ಹಿಂದಕ್ಕೆ ವಾಲಿದೆ, ನೆಕ್ಕಿನ ತುದಿಯಲ್ಲಿ ತಂತಿಗಳನ್ನು ಹೊರುವ ಪಟ್ಟಿಯ (ನಟ್) ಪಕ್ಕದಲ್ಲೇ, ನೆಕ್ಕಿನ ಬಾಗು ಸರಿಪಡಿಸುವ ಒಳಗಿನ ಲೋಹದ ಸರಳು ಟ್ರಸ್ ರಾಡ್‌ಗಾಗಿ ಗುಳಿ ಕೊರೆದಿದೆ, ಅಲ್ಲಿ ಮರ ತೆಳು. ಸ್ಟ್ಯಾಂಡಿನಿಂದ ಬಿದ್ದರೆ ಅಲ್ಲೇ ಬಿರಿಯುತ್ತದೆ. ಗಿಬ್ಸನ್‌ನದರಲ್ಲಿ ನೆಕ್ಕಿನ ಮರವೇ ಬಾಡಿಯ ನಡುವೆ ಹಾದುಹೋಗಿರುವುದರಿಂದ ನೆಕ್ ಬದಲಿಸುವ ಮಾತಿಲ್ಲ. ನೋಡುವಾಗ ತಂತಿಗಳು ಸರಿಯಾದ ಶ್ರುತಿಯಲ್ಲೇ ಇರಲಿ. ನಾಲ್ಕು ತಂತಿಗಳ ಒಟ್ಟು ಎಳೆತ ಸುಮಾರು 80 ಕೆ.ಜಿ.; ಆ ಎಳೆತವಿದ್ದರೆ ಬಿರುಕು ಬಾಯಿ ಬಿಡುತ್ತದೆ, ತಂತಿ ಸಡಿಲಿಸಿದ್ದರೆ ಮುಚ್ಚಿಕೊಂಡಿರುತ್ತದೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೆಕ್ಕಿನ ಹಿಂಬದಿಯಲ್ಲಿ ಉಗುರು ಎಳೆಯಿರಿ. ಅಲ್ಲಿ ಮಾತ್ರ ಹೊಸ ಬಣ್ಣ ಕಂಡರೂ ಕೇಳಿ. ಚೆನ್ನಾಗಿ ಅಂಟಿಸಿದ ವಾದ್ಯ ವರ್ಷಗಟ್ಟಲೆ ಬಾಳುತ್ತದೆ, ಆದರೆ ಅದಕ್ಕೆ ಸರಿಯಾದ ವಾದ್ಯದ ಬೆಲೆ ಕೊಡಬೇಕಿಲ್ಲ.

ಗಿಬ್ಸನ್ ಇಬಿ-0 ಮತ್ತು ಅದರ ಎಪಿಫೋನ್ ತಂಗಿಯದು ಬೇರೆ ಕಥೆ. ತಂತಿಯ ಉದ್ದ 30.5 ಇಂಚು, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಒಂದೇ, ಅದೂ ನೆಕ್ಕಿಗೆ ಅಂಟಿಕೊಂಡಂತೆ ಇರುವ, ಎರಡು ಸುರುಳಿಯ ದೊಡ್ಡ ಹಂಬಕರ್. ಒಬ್ಬರೇ ನುಡಿಸುವಾಗ ಗುಂಯ್ ಎನ್ನುವ ತುಂಬು ನಾದ, ಡ್ರಮ್ಸ್ ಸೇರಿದ ಕೂಡಲೇ ಕೆಸರು. ಟೋನ್ ಗುಂಡಿ ಎಷ್ಟು ತಿರುಗಿಸಿದರೂ ಬಾರದ ಮೇಲ್‌ಸ್ವರಗಳು ಆಂಪ್‌ನಲ್ಲೂ (ಆಂಪ್ಲಿಫೈಯರ್) ಹುಟ್ಟುವುದಿಲ್ಲ. ಆ ನಾದವೇ ಬೇಕು ಅನ್ನುವವರಿಗಷ್ಟೇ ಇದು.

ಪಿಟೀಲಿನ ಆಕಾರದ ಹಾಫ್ನರ್ 500/1 ಬಗ್ಗೆ ಇಷ್ಟು ಕಟುವಾಗಿ ಹೇಳಲಾರೆವು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಬೇಸ್ ಇದೇ, ಇಂದಿಗೂ ಮಾರಾಟವಾಗುವುದು ಆ ನೆನಪಿನ ಬಲದಿಂದಲೇ. ‘ಶ್ರುತಿ ನಿಲ್ಲುವುದಿಲ್ಲ’ ಎಂದು ಮಾರುವವರಲ್ಲಿ ಹಲವರಿಗೆ ಬಾಡಿಯ ಮೇಲೆ ತಂತಿಗಳನ್ನು ಹೊರುವ ಬ್ರಿಜ್ ಅಂಟಿಸಿದ್ದಲ್ಲ, ತಂತಿಯ ಒತ್ತಡದಲ್ಲಷ್ಟೇ ನಿಂತಿದೆ ಎಂಬುದು ಗೊತ್ತಿರುವುದಿಲ್ಲ. ನಾಲ್ಕೂ ತಂತಿ ಒಟ್ಟಿಗೆ ಬಿಚ್ಚಿದರೆ ಬ್ರಿಜ್ ಕೈಗೆ ಬರುತ್ತದೆ, ಮತ್ತೆ ಅಂದಾಜಿನಲ್ಲಿ ಇಟ್ಟರೆ ಸ್ವರ ಕೂಡುವುದಿಲ್ಲ. 12ನೇ ಫ್ರೆಟ್‌ನಲ್ಲಿ ತಂತಿಯನ್ನು ಒತ್ತದೆ ಬೆರಳು ತಾಗಿಸಿ ಹಾರ್ಮೋನಿಕ್ ನುಡಿಸಿ, ಅದೇ ಫ್ರೆಟ್ ಒತ್ತಿ ನುಡಿಸಿ. ಒತ್ತಿದ ಸ್ವರ ಏರಿದ್ದರೆ ಬ್ರಿಜ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಕಾಸು ಖರ್ಚಿಲ್ಲದ ರಿಪೇರಿ. ಮುಂದೆ ಒಂದೊಂದೇ ತಂತಿ ಬದಲಿಸಿದರಾಯಿತು. ಆದರೆ ಒಳಗೆ ಟೊಳ್ಳಾದ್ದರಿಂದ ದೊಡ್ಡ ಸದ್ದಿನ ಸ್ಟೇಜಿನಲ್ಲಿ ಫೀಡ್‌ಬ್ಯಾಕ್, ಅಂದರೆ ಸ್ಪೀಕರಿನ ಸದ್ದೇ ವಾದ್ಯಕ್ಕೆ ಮರಳಿ ಕೂಗುವುದು, ಗ್ಯಾರಂಟಿ. 30 ಇಂಚಿನ ಉದ್ದಕ್ಕೆ ಶಾರ್ಟ್ ಸ್ಕೇಲ್ ತಂತಿಯೇ ಬೇಕು, ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಉದ್ದ ತಂತಿಯನ್ನು ಕತ್ತರಿಸುವುದೇ ಆದರೆ ಮೊದಲು 90 ಡಿಗ್ರಿ ಬಾಗಿಸಿ ಆಮೇಲೆ ಕತ್ತರಿಸಿ, ಇಲ್ಲದಿದ್ದರೆ ಮೇಲಿನ ಸುತ್ತು ಬಿಚ್ಚಿಕೊಂಡು ತಂತಿ ಸತ್ತುಹೋಗುತ್ತದೆ.

ಹಳೆಯ ದುಬಾರಿ ವಾದ್ಯಗಳೂ ಕೈಯಿಂದ ಕೈಗೆ ದಾಟುತ್ತವೆ. 70ರ ದಶಕದ ನಡುವಿನಿಂದ ಬಂದ ಫೆಂಡರ್ ಜಾಝ್ ಬೇಸ್‌ಗಳಲ್ಲಿ ನೆಕ್ ಹಿಡಿದಿರುವುದು ನಾಲ್ಕಲ್ಲ, ಮೂರೇ ಬೋಲ್ಟ್. ಬೋಲ್ಟ್ ಸಂಖ್ಯೆಗಿಂತ ದೊಡ್ಡ ತಪ್ಪು ನೆಕ್ ಕೂರುವ ಬಾಡಿಯ ಗುಳಿ ಸಡಿಲವಾಗಿ ಕೊರೆದದ್ದು. ಬಾಡಿ ಹಿಡಿದು ನೆಕ್ಕನ್ನು ಮೆಲ್ಲಗೆ ಅಡ್ಡಕ್ಕೆ ಒತ್ತಿ. ಹೊರ ತಂತಿ ಫ್ರೆಟ್ ಅಂಚಿನತ್ತ ಸರಿದರೆ ತೂತು ತುಂಬಿಸಿ ಮತ್ತೆ ಕೊರೆಯುವ ಕೆಲಸ ಕಾದಿದೆ. ಕೆಲವು ಬಾಡಿಗಳ ಮರ ಎಷ್ಟು ಭಾರವೆಂದರೆ ಒಟ್ಟು ತೂಕ 4.5 ಕೆ.ಜಿ. ದಾಟುತ್ತದೆ.

ಹಳೆಯ ರಿಕನ್‌ಬ್ಯಾಕರ್ 4001ರಲ್ಲಿ ಎರಡು ಟ್ರಸ್ ರಾಡ್. ಬೇರೆ ಗಿಟಾರಿನಂತೆ ರಾಡಿನ ತುದಿಯ ತಿರುಪು ನಟ್ ತಿರುಗಿಸಿ ನೆಕ್ ಬಗ್ಗಿಸುವುದಲ್ಲ. ನೆಕ್ಕನ್ನು ಕೈಯಿಂದ ಬೇಕಾದ ನೇರಕ್ಕೆ ತಂದು, ಆಮೇಲೆ ನಟ್ ಬಿಗಿದು ಅದನ್ನು ಹಿಡಿದಿಡಬೇಕು. ಇದು ತಿಳಿಯದೆ ಬಲವಾಗಿ ಬಿಗಿದರೆ ಫಿಂಗರ್‌ಬೋರ್ಡ್ ಎದ್ದುಬರುತ್ತದೆ. ರಾಡ್ ಮುಚ್ಚಳ ತೆಗೆಸಿ ಅಂಟಿನ ಗೆರೆ ನೋಡಿ, ಹಾಗೆಯೇ ಬ್ರಿಜ್ ತಗಡಿನ ಹಿಂಬದಿ ಬಾಡಿಯಿಂದ ಮೇಲೆದ್ದಿದೆಯೇ ಅನ್ನುವುದನ್ನೂ.

ಯಾವ ಬೇಸ್ ಆದರೂ ನೆಕ್ ನೋಡುವ ಕ್ರಮ ಒಂದೇ. ಇ ತಂತಿಯನ್ನು (ನಾಲ್ಕರಲ್ಲಿ ಅತಿ ದಪ್ಪನೆಯದು) ಮೊದಲ ಫ್ರೆಟ್‌ನಲ್ಲೂ ನೆಕ್ ಬಾಡಿಗೆ ಸೇರುವ ಕಡೆಯೂ ಒಟ್ಟಿಗೆ ಒತ್ತಿ. ಏಳು-ಎಂಟನೇ ಫ್ರೆಟ್‌ನಲ್ಲಿ ವಿಸಿಟಿಂಗ್ ಕಾರ್ಡಿನ ದಪ್ಪ, ಅಂದರೆ ಸುಮಾರು 0.3 ಮಿ.ಮೀ. ಸಂದು ಇದ್ದರೆ ಸಾಕು. ಬೆಂಗಳೂರಿನಲ್ಲಿ ನೇರವಿದ್ದ ನೆಕ್ ಮಂಗಳೂರಿನ ಮಳೆಗಾಲಕ್ಕೆ ಟ್ರಸ್ ರಾಡಿನ ಕಾಲು ಸುತ್ತು ಕೇಳಬಹುದು, ಅದು ದೋಷವಲ್ಲ. ತಿರುಗಿಸಲು ರಾಡಿನಲ್ಲಿ ಜಾಗವೇ ಉಳಿಯದಿರುವುದು ದೋಷ. ಆಂಪ್ ಇಲ್ಲದೆ ಅತಿ ತೆಳುವಾದ ಜಿ ತಂತಿಯ 5ರಿಂದ 7ನೇ ಫ್ರೆಟ್‌ವರೆಗೆ ಒಂದೊಂದೇ ಮೀಟಿ. ಒಂದು ಸ್ವರ ಮಾತ್ರ ಬೇಗ ಸಾಯುತ್ತಿದ್ದರೆ ಅದು ಡೆಡ್ ಸ್ಪಾಟ್: ತಂತಿಯ ಕಂಪನವನ್ನು ನೆಕ್ಕೇ ನುಂಗುತ್ತಿದೆ. ಹೆಡ್‌ಸ್ಟಾಕಿಗೆ ಭಾರ ಕಚ್ಚಿಸಿದರೆ ಆ ಡೆಡ್ ಸ್ಪಾಟ್ ಪಕ್ಕಕ್ಕೆ ಸರಿಯುತ್ತದೆ, ಜೊತೆಗೆ ನೆಕ್ ಡೈವ್ ಶುರುವಾಗುತ್ತದೆ!

ಐದು ತಂತಿಯ ಅಗ್ಗದ ಬೇಸ್‌ಗಳೂ ರಾಶಿ ಬೀಳುತ್ತವೆ. 34 ಇಂಚಿನಲ್ಲಿ 0.130 ಇಂಚು ದಪ್ಪದ ಬಿ ತಂತಿಯ ಎಳೆತ ಸುಮಾರು 16 ಕೆ.ಜಿ., ಪಕ್ಕದ ತಂತಿಗಳಿಗಿಂತ ಸಡಿಲ. ಅದರ ಮೂಲ ಕಂಪನ 31 ಹರ್ಟ್ಸ್, 8 ಇಂಚಿನ ಸ್ಪೀಕರಿರುವ ಮನೆಯ ಆಂಪ್ ಅಷ್ಟು ಕೆಳಗಿನದನ್ನು ಕೇಳಿಸುವುದೇ ಇಲ್ಲ. ಎಷ್ಟೋ ಸಲ ಮಾರಬೇಕಾದದ್ದು ಆಂಪ್, ಮಾರುವುದು ಬೇಸ್. ದೊಡ್ಡ ಸ್ಪೀಕರ್ ಕ್ಯಾಬಿನೆಟ್‌ಗೆ ಹಚ್ಚಿ ಬಿ ತಂತಿಯ ಐದನೇ ಫ್ರೆಟ್ ನುಡಿಸಿ, ನಾಲ್ಕನೇ ತಂತಿಯ ಖಾಲಿ ಇ ಜೊತೆ ಹೋಲಿಸಿ.

ಆಕ್ಟಿವ್ ಬೇಸ್, ಅಂದರೆ ಒಳಗೆ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್ ಇರುವ ಬೇಸ್, ನೋಡಲು ಹೋಗುವಾಗ ಹೊಸ 9 ವೋಲ್ಟ್ ಬ್ಯಾಟರಿ ಜೇಬಿನಲ್ಲಿರಲಿ. ಕೇಬಲ್ ಚುಚ್ಚಿದರೆ ಸರ್ಕ್ಯೂಟ್ ಆನ್ ಆಗುತ್ತದೆ. ರಾತ್ರಿಯಿಡೀ ಹಾಗೇ ಬಿಟ್ಟು ಬ್ಯಾಟರಿ ಸಾಯಿಸಿ, ಸದ್ದು ಒಡೆಯುತ್ತಿದೆ ಎಂದು ಅರ್ಧ ಬೆಲೆಗೆ ಕೊಡುವವರಿದ್ದಾರೆ. ಬ್ಯಾಟರಿ ಬದಲಿಸಿದ ಮೇಲೂ ಕರಕರ ಎಂದರೆ ಹಿಂಬದಿಯ ಮುಚ್ಚಳ ತೆಗೆಸಿ. ಆ ಸರ್ಕ್ಯೂಟ್, ಅಂದರೆ ಪ್ರಿಆಂಪ್, ಕಪ್ಪು ಎಪಾಕ್ಸಿ ಅಂಟಿನಲ್ಲಿ ಮುಳುಗಿಸಿದ ಮುದ್ದೆಯಾಗಿದ್ದರೆ ಒಳಗಿನ ಒಂದು ಭಾಗವನ್ನೂ ಬೆಸೆಯಲಾಗದು. ಹೊಸ ಪ್ರಿಆಂಪಿನ ಬೆಲೆಯನ್ನೂ ಕೂಲಿಯನ್ನೂ ಕಳೆದು ಮಾತಾಡಿ.