ಮನೆ ಕಟ್ಟಿಸುವವರೇ, ಸ್ಲ್ಯಾಬ್ ಹಾಕುವ ಮುಂಚೆ ಮೆಟ್ಟಿಲ ಮೇಲೆ ತಲೆಗೆ ಎಷ್ಟು ಜಾಗ ಇದೆ ಅಂತ ಅಳೆಯಿರಿ

ನಮ್ಮದು ಕೊಪ್ಪಳದ ಭಾಗ್ಯನಗರದಲ್ಲಿ 20×30 ಸೈಟು. ಜಾಗ ಇಕ್ಕಟ್ಟು, ಅದಕ್ಕೆ ಒಂದೇ ಗೋಡೆಗೆ ನೇರ ಮೆಟ್ಟಿಲು. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ 10 ಅಡಿ. ಒಂದೊಂದು ಮೆಟ್ಟಿಲ ಎತ್ತರ ಏಳೂವರೆ ಇಂಚು, ಕಾಲಿಡುವ ಅಗಲ 10 ಇಂಚು. ಹತ್ತುವಾಗ ತಲೆ ತಾಗದಿರಲು ಇದಕ್ಕೆ ಸ್ಲ್ಯಾಬ್‌ನಲ್ಲಿ 9 ಅಡಿಗಿಂತ ಜಾಸ್ತಿ ಉದ್ದದ ಓಪನಿಂಗ್ ಬಿಡಬೇಕಿತ್ತು. ಮೇಸ್ತ್ರಿ ಬಿಟ್ಟದ್ದು 8 ಅಡಿ. ಬರೀ 8 ಅಡಿ!

ಸೆಂಟ್ರಿಂಗ್ (ಸ್ಲ್ಯಾಬ್ ಹಾಕಲು ಕೆಳಗೆ ಕಟ್ಟುವ ಹಲಗೆ) ಹೊಡೆಯುವ ದಿನ ಅವನೇ ಕರೆದು ಹೇಳಿದ, "ಸರ್, ಇಲ್ಲಿ ಸ್ಲ್ಯಾಬ್ ಒಂದಡಿ ಮುಂದ ತಗೊಂಡ್ರ ಮ್ಯಾಲಿನ ರೂಮು ದೊಡ್ಡದಾಗ್ತದ್ರಿ." ನನಗೆ ಖುಷಿಯಾಯಿತು. ಎಲ್ಲರಿಗೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿ ಕೊಟ್ಟೆ, ನಮ್ಮ ಮೇಸ್ತ್ರಿ ಎಷ್ಟು ಒಳ್ಳೆಯವನು ಅಂತ ಮನೆಯಲ್ಲೂ ಹೇಳಿದೆ. ಅದೇ ಈಗ ಹೊಟ್ಟೆ ಉರಿಸುತ್ತಿದೆ.

ಗ್ರಾನೈಟ್ ಮುಗಿದ ಮೇಲೆ ಮನೆ ನೋಡಲು ನಮ್ಮ ಭಾವ ಬಂದರು. ಆರನೇ ಮೆಟ್ಟಿಲಿಗೆ ಕಾಲಿಟ್ಟರು ಅಷ್ಟೇ, ಹಣೆ ಸ್ಲ್ಯಾಬ್ ಅಂಚಿಗೆ ಬಡಿಯಿತು. ರಕ್ತ ಬಂತು. ಬೀಗರ ಮುಂದೆ ಮುಖ ಎತ್ತಲು ಆಗಲಿಲ್ಲ. ಆಗ ಟೇಪ್ ಹಿಡಿದೆ. ಆ ಮೆಟ್ಟಿಲಿಂದ ಸ್ಲ್ಯಾಬ್‌ಗೆ 5 ಅಡಿ 8 ಇಂಚು! ಮೊದಲು 5 ಅಡಿ 10 ಇಂಚಾದರೂ ಇತ್ತು, ಗ್ರಾನೈಟು, ಪ್ಲಾಸ್ಟರ್ ಸೇರಿ 2 ಇಂಚು ತಿಂದವು. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಮೆಟ್ಟಿಲ ಕೆಳಗೆ ಓಡಾಡುವ ದಾರಿಗೇ 2.2 ಮೀಟರ್ ಬೇಕು ಅಂತಿದೆ, ಅಂದರೆ 7 ಅಡಿಗೂ ಜಾಸ್ತಿ.

ಮೇಸ್ತ್ರಿಗೆ ಫೋನ್ ಮಾಡಿದರೆ ಏನಂದ ಗೊತ್ತಾ? "ಹೊಸದಾಗಿ ಹಂಗ ಅನಿಸ್ತದ್ರಿ, ರೂಢಿ ಆದ್ರ ತಾನ ಬಗ್ಗತೀರಿ." ನನ್ನ ಮನೆಯಲ್ಲಿ ನಾನು ದಿನಾ ಬಗ್ಗಬೇಕಂತೆ! ಜೋರು ಮಾಡಿದೆ. "ನೀವ ಹೂಂ ಅಂದಿದ್ರಲ್ರಿ ಸರ್" ಅಂದ. ಹೌದು, ಹೂಂ ಅಂದಿದ್ದೆ. ಆದರೆ ರೂಮು ದೊಡ್ಡದಾಗುತ್ತೆ ಅಂದನೇ ಹೊರತು ತಲೆ ಬಡಿಯುತ್ತೆ ಅಂತ ಹೇಳಲಿಲ್ಲವಲ್ಲ. ನನಗೆ ಗೊತ್ತಿಲ್ಲ ಸರಿ, ಇಷ್ಟು ವರ್ಷ ಮನೆ ಕಟ್ಟಿದವನಿಗೆ ಗೊತ್ತಿರಲಿಲ್ವಾ? ಕೊನೆಗೆ "ಸ್ಲ್ಯಾಬ್ ಕಡಿದು ಕೊಡ್ತೀನಿ, 28 ಸಾವಿರ ಆಗ್ತದ" ಅಂದ. ತಪ್ಪು ಅವನದು, ದುಡ್ಡು ನನ್ನದು! ಈಗ ಫೋನೇ ಎತ್ತುತ್ತಿಲ್ಲ. ಪೂರ್ತಿ ಹಣ ಕೊಟ್ಟು ಮುಗಿಸಿದ್ದೆನಲ್ಲ.

ಬೇರೆ ಎಂಜಿನಿಯರ್ ಬಂದು ನೋಡಿದರು. ಅಂಚಿನ ಕಂಬಿ ಸುಮ್ನೆ ಕಡಿಯುವ ಹಾಗಿಲ್ಲ, ಮೊದಲು ಕೆಳಗೆ ಕಬ್ಬಿಣದ ತೊಲೆ ಕೊಡಬೇಕು ಅಂದರು. ಸದ್ಯಕ್ಕೆ ಅಂಚಿಗೆ ಸ್ಪಂಜು ಕಟ್ಟಿದ್ದೇವೆ.

ಕಾಂಕ್ರೀಟ್ ಸುರಿಯುವ ಮುಂಚೆ ಗೋಡೆ ಮೇಲೆ ಒಂದೊಂದು ಮೆಟ್ಟಿಲೂ ಸೀಮೆಸುಣ್ಣದಲ್ಲಿ ಬರೆಸಿ. ಮೆಟ್ಟಿಲ ತುದಿಯಿಂದ ನೇರ ಮೇಲಕ್ಕೆ ಸೆಂಟ್ರಿಂಗ್ ಹಲಗೆವರೆಗೆ ನೀವೇ ಅಳೆಯಿರಿ. ಅದರಲ್ಲಿ 2 ಇಂಚು ಕಳೆದ ಮೇಲೂ 7 ಅಡಿ ಉಳಿಯಬೇಕು. ರೂಮು ಒಂದಡಿ ಚಿಕ್ಕದಾದರೆ ಆಗಲಿ. ಮೇಲಿನವರೆಗೆ ನೀವೇ ಹತ್ತಿ ನೋಡುವ ತನಕ ಕೊನೆ ಕಂತು ಕೊಡಬೇಡಿ, ಯಾರು ಎಷ್ಟೇ ಬೇಡಿದರೂ ಕೊಡಬೇಡಿ.