ಫೋಟೊ ಮಾಸುವುದು ಇಂಕಿನಿಂದಲೋ, ಪೇಪರಿನಿಂದಲೋ?

ಮನೆಯಲ್ಲಿ ಫೋಟೊ ಪ್ರಿಂಟ್ ಮಾಡುವವರು ಮೊದಲು ವಿಚಾರಿಸುವುದು ಇಂಕ್ ಬಗ್ಗೆ. ಪೇಪರ್ ಬಗ್ಗೆ ಕೇಳುವವರು ಕಡಿಮೆ. ಅದಕ್ಕೇ ಒಂದೇ ಫೋಟೊವನ್ನು ಡೈ ಇಂಕಿನಲ್ಲೂ (ಬಣ್ಣ ದ್ರವದಲ್ಲಿ ಕರಗಿರುವುದು) ಪಿಗ್ಮೆಂಟ್ ಇಂಕಿನಲ್ಲೂ (ಬಣ್ಣ ಸಣ್ಣ ಕಣಗಳಾಗಿ ಇರುವುದು), ಬೇರೆ ಬೇರೆ ಪೇಪರುಗಳ ಮೇಲೆ ಪ್ರಿಂಟ್ ತೆಗೆದು ನೋಡಿದೆ. ಮುಖ, ಆಕಾಶ, ಬೂದು ಕಲ್ಲು ಮೂರೂ ಇದ್ದ ಫೋಟೊ. ಒಂದು ಸೆಟ್ ಗೋಡೆಗೆ ಹಾಗೇ ಅಂಟಿಸಿದೆ. ಇನ್ನೊಂದನ್ನು ಗಾಜು ಹಾಕಿ ಅದರ ಪಕ್ಕದಲ್ಲೇ ತೂಗುಹಾಕಿದೆ. ಮತ್ತೊಂದು ಡ್ರಾಯರಿನ ಕತ್ತಲಲ್ಲಿತ್ತು.

ಎಲ್ಲಕ್ಕಿಂತ ಬೇಗ ಕೆಟ್ಟದ್ದು ಮೈಕ್ರೊಪೋರಸ್ ಗ್ಲಾಸಿ ಪೇಪರಿನ ಮೇಲಿನ ಡೈ ಪ್ರಿಂಟ್, ಅದೂ ಗಾಜಿಲ್ಲದ್ದು. ಈ ಪೇಪರ್ ಪ್ರಿಂಟರಿನಿಂದ ಹೊರಬರುವಾಗಲೇ ಒಣಗಿರುತ್ತದೆ, ಹಾಗಾಗಿ ಎಲ್ಲರಿಗೂ ಇಷ್ಟ. ಸಿಲಿಕಾ ಅಥವಾ ಅಲ್ಯುಮಿನಾ ಕಣಗಳ ಲೇಪ, ಅದರ ತುಂಬಾ ಸಣ್ಣ ಸಣ್ಣ ತೂತು. ಇಂಕ್ ಇಳಿಯುವ ತೂತಿನಲ್ಲಿ ಗಾಳಿಯೂ ಇಳಿಯುತ್ತದಲ್ವಾ? ಗಾಳಿಯಲ್ಲಿರುವ ಓಝೋನ್ ಡೈ ಅಣುಗಳನ್ನು ಒಡೆಯುತ್ತದೆ. ಮೊದಲು ಸಯಾನ್, ಅಂದರೆ ಹಸಿರು ಮಿಶ್ರಿತ ನೀಲಿ ಇಂಕ್, ಹೋಯಿತು. ಆಕಾಶ ಬಿಳಿಚಿಕೊಂಡಿತು, ಕಲ್ಲಿಗೆ ಕೆಂಪು ಬಂತು, ಮುಖ ಕಿತ್ತಳೆಯಾಯಿತು. 2000ದಲ್ಲಿ ಎಪ್ಸನ್ 1270 ಫೋಟೊ ಪ್ರಿಂಟರ್ ಬಳಸಿದವರು ಕಂಡದ್ದೂ ಇಂಥದ್ದೇ ಕಿತ್ತಳೆ ಛಾಯೆ.

ಗಾಜಿನ ಹಿಂದಿದ್ದ ಅದರ ಜೋಡಿಗೆ ಹೆಚ್ಚೇನೂ ಆಗಿರಲಿಲ್ಲ. ಗಾಜು ಅತಿನೇರಳೆ ಕಿರಣವನ್ನು ಸ್ವಲ್ಪ ಮಾತ್ರ ತಡೆಯುತ್ತದೆ, ಕಣ್ಣಿಗೆ ಕಾಣುವ ಬೆಳಕನ್ನು ಬಿಟ್ಟೇಬಿಡುತ್ತದೆ. ಅದು ಚೆನ್ನಾಗಿ ತಡೆದದ್ದು ಗಾಳಿಯನ್ನು. ಬಿಸಿಲನ್ನೇ ಬೈಯುವ ನಮಗೆ ಇದು ತಿಳಿದಿರಬೇಕು.

ಉಬ್ಬುವ ಲೇಪದ ಪೇಪರಿನಲ್ಲಿ ಅದೇ ಡೈ ಇಂಕ್ ಗಾಜಿಲ್ಲದೆಯೂ ತಡೆದುಕೊಂಡಿತು. ಜೆಲಟಿನ್‌ನಂಥ ಲೇಪ ಇಂಕ್ ಕುಡಿದು ಉಬ್ಬುತ್ತದೆ, ಒಣಗುವಾಗ ಡೈಯನ್ನು ಒಳಗೇ ಮುಚ್ಚಿಕೊಳ್ಳುತ್ತದೆ. ಆದರೆ ಒಣಗಲು ತುಂಬಾ ಹೊತ್ತು ಬೇಕು. ಒಂದು ಹನಿ ನೀರು ಬಿದ್ದರೂ ಕಲೆ. ಈಗ ಈ ಪೇಪರ್ ಸಿಗುವುದೂ ಅಪರೂಪ.

ಪಿಗ್ಮೆಂಟ್ ಪ್ರಿಂಟುಗಳು ಯಾವ ಪೇಪರಿನಲ್ಲೂ ಕಣ್ಣಿಗೆ ಕಾಣುವಷ್ಟು ಬದಲಾಗಲಿಲ್ಲ. ಇಲ್ಲಿ ಬಣ್ಣ ಕರಗಿರುವುದಿಲ್ಲ, ಗಟ್ಟಿ ಕಣವಾಗಿರುತ್ತದೆ. ಹೊರಗಿನ ಪದರ ಸವೆದರೂ ಒಳಗೆ ಬಣ್ಣ ಉಳಿದಿರುತ್ತದೆ. ಆದರೆ ಗ್ಲಾಸಿ ಪೇಪರಿನಲ್ಲಿ ಓರೆಯಾಗಿ ನೋಡಿದರೆ ಕಪ್ಪು ಭಾಗಕ್ಕೆ ಕಂಚಿನ ಹೊಳಪು, ನನಗದು ಹಿಡಿಸಲಿಲ್ಲ. ಮ್ಯಾಟ್ ಪೇಪರಿನಲ್ಲಿ ಆ ತೊಂದರೆ ಇಲ್ಲ. ಹೊಳೆಯುವ ಗಾಢ ಬಣ್ಣ ಬೇಕಿದ್ದರೆ ಡೈ ಪ್ರಿಂಟೇ ಚೆಂದ, ಗಾಜಿನ ಹಿಂದೆ ಅಥವಾ ಆಲ್ಬಂನಲ್ಲಿ ಇಡಿ.

ಅಗ್ಗದ ರೀಫಿಲ್ ಡೈ ಮಾತ್ರ ಬೇಡ. ಒಳ್ಳೆಯ ಪೇಪರಿನಲ್ಲೂ ಅದು ಬೇಗ ಮಾಸಿತು.

ಪೇಪರಿನ ಬಿಳುಪನ್ನೂ ಗಮನಿಸಿ. ತೀರಾ ಬೆಳ್ಳಗಿರುವ ಪೇಪರಿಗೆ ಸಾಮಾನ್ಯವಾಗಿ ಬ್ರೈಟ್ನರ್, ಅಂದರೆ ಬಿಳುಪು ಹೆಚ್ಚಿಸುವ ರಾಸಾಯನಿಕ, ಹಾಕಿರುತ್ತಾರೆ. ಬೆಳಕಿಗೆ ಅದರ ಕಸುವು ಹೋದಂತೆ ಇಂಕ್ ಸರಿಯಿದ್ದರೂ ಫೋಟೊ ಹಳದಿ ಕಾಣುತ್ತದೆ. ಬ್ರೈಟ್ನರ್ ಇಲ್ಲದ ಹತ್ತಿ ಪೇಪರ್ ಮೊದಲಿನಿಂದಲೇ ಸ್ವಲ್ಪ ಕೆನೆ ಬಣ್ಣ. ಮುಖಗಳ ಫೋಟೊಗೆ ನಾನು ಅದನ್ನೇ ಆರಿಸುತ್ತೇನೆ.

ಯಾವುದೇ ಪ್ರಿಂಟ್ ಆಗಲಿ, ತಕ್ಷಣ ಫ್ರೇಮಿಗೆ ಹಾಕಬೇಡಿ. ಮುಟ್ಟಿದರೆ ಒಣಗಿದಂತಿದ್ದರೂ ಇಂಕಿನಲ್ಲಿರುವ ಗ್ಲೈಕಾಲ್ ಎಂಬ ದ್ರವ ನಿಧಾನವಾಗಿ ಹೊರಬರುತ್ತದೆ, ಗಾಜಿನ ಒಳಮೈಗೆ ಮಂಜಿನಂತೆ ಕೂರುತ್ತದೆ. ಒಂದು ದಿನವಾದರೂ ಆರಲು ಬಿಡಿ.